ಮೊಟ್ಟೆ ತಟ್ಟೆಗೆ ಬಂತು, ಕೂತು ತಿನ್ನೋಕೆ ಜಾಗ ಎಲ್ಲಿ?

(ಪಾಡ್‌ಕಾಸ್ಟ್‌ನ ಪಠ್ಯರೂಪ)

ಹೋದ ಎಪಿಸೋಡ್ ಆದ್ಮೇಲೆ ಒಬ್ಬರು ಮೆಸೇಜ್ ಮಾಡಿದ್ರು, "ಇಎಂಐ, ಚೀಟಿ, ಮ್ಯೂಚುವಲ್ ಫಂಡ್ ಬಿಟ್ಟು ಬೇರೆ ಏನಾದ್ರೂ ಮಾತಾಡ್ರಿ ಮೇಡಂ" ಅಂತ. ಸರಿ. ಇವತ್ತು ಮೊಟ್ಟೆ ಬಗ್ಗೆ ಮಾತಾಡೋಣ. ಬೇಯಿಸಿದ ಒಂದು ಮೊಟ್ಟೆ. ಬಿಕಾಂ ಓದಿದ ತಪ್ಪಿಗೆ ಇದರಲ್ಲೂ ಸ್ವಲ್ಪ ಲೆಕ್ಕ ಬರುತ್ತೆ, ಸಹಿಸ್ಕೊಳ್ಳಿ.

ಮೊದಲೇ ಹೇಳಿಬಿಡ್ತೀನಿ. ಇವತ್ತು ಹೇಳೋ ಕತೆಗಳಲ್ಲಿ ಊರಿನ ಹೆಸರು, ಮನುಷ್ಯರ ಹೆಸರು ಇರಲ್ಲ. ನಾಲ್ಕು ತಾಲ್ಲೂಕಿನ ಹೆಸರು ಮಾತ್ರ ಇರುತ್ತೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು. ಅದಕ್ಕಿಂತ ಹತ್ತಿರ ಹೋದ್ರೆ ಗುರುತು ಸಿಕ್ಕಿಬಿಡುತ್ತೆ.

ನಮ್ಮದು ಚನ್ನಗಿರಿ ತಾಲ್ಲೂಕು. ಅಕ್ಕನ್ನ ಕೊಟ್ಟಿರೋದು ಜಗಳೂರು ತಾಲ್ಲೂಕಿಗೆ. ಒಂದೇ ದಾವಣಗೆರೆ ಜಿಲ್ಲೆ, ಆದ್ರೆ ಬೇರೆ ಬೇರೆ ಲೋಕ. ನಮ್ಮ ಕಡೆ ಸೂಳೆಕೆರೆ, ಅಡಿಕೆ ತೋಟ. ಅಲ್ಲಿ ಮಳೆ ನಂಬ್ಕೊಂಡ ಮೆಕ್ಕೆಜೋಳ, ಶೇಂಗಾ. ಅಕ್ಕನಿಗೆ ಐದನೇ ತಿಂಗಳಲ್ಲಿ ರಕ್ತ ಪರೀಕ್ಷೆ ಮಾಡಿಸಿದ್ರು. ನಾನು ಅವಳನ್ನ ನೋಡೋಕೆ ಹೋಗಿದ್ದಾಗ ತಾಯಿ ಕಾರ್ಡ್ ತೆಗೆದು ನೋಡಿದೆ. ಎಚ್‌ಬಿ 8.4 ಅಂತ ಬರೆದು, ಕೆಂಪು ಪೆನ್ನಲ್ಲಿ ಸುತ್ತು ಹಾಕಿದ್ರು.

ಎಚ್‌ಬಿ ಅಂದ್ರೆ ಹಿಮೋಗ್ಲೋಬಿನ್. ಬಸುರಿ ಹೆಂಗಸಿಗೆ ಅದು 11 ಕ್ಕಿಂತ ಕಮ್ಮಿ ಆದ್ರೆ ರಕ್ತಹೀನತೆ. 7 ಕ್ಕಿಂತ ಕೆಳಗೆ ಹೋದ್ರೆ ತೀವ್ರ, ಮನೇಲಿ ಕೂತು ನೋಡೋ ವಿಷಯ ಅಲ್ಲ, ಆಸ್ಪತ್ರೆಗೇ ಹೋಗಬೇಕು. ಹೆರಿಗೆ ಹೊತ್ತಲ್ಲಿ ರಕ್ತ ಹೋದಾಗ ತಡ್ಕೊಳ್ಳೋ ಶಕ್ತಿ ದೇಹಕ್ಕೆ ಇರಲ್ಲ, ಅದೇ ಭಯ. ಮಗುವಿನ ತೂಕ ಕಮ್ಮಿ ಆಗೋ ಸಾಧ್ಯತೆನೂ ಇರುತ್ತೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದ ಗರ್ಭಿಣಿಯರಲ್ಲಿ ಶೇ 45.7 ಮಂದಿಗೆ ರಕ್ತಹೀನತೆ ಇದೆ. ಅದಕ್ಕೆ ಮುಂಚಿನ ಸಮೀಕ್ಷೆಯಲ್ಲಿ ಶೇ 45.4 ಇತ್ತು. ಅಂದ್ರೆ ಎರಡು ಸಮೀಕ್ಷೆ ಮಧ್ಯೆ ಅಲುಗಾಡೇ ಇಲ್ಲ. ಬ್ಯಾಲೆನ್ಸ್ ಶೀಟಲ್ಲಿ ಇಂಥ ನಂಬರ್ ಕಂಡ್ರೆ ಆಡಿಟರ್ ಬಿಡ್ತಿರಲಿಲ್ಲ.

"ಏನ್ ತಿಂತೀಯ ಅಕ್ಕ ದಿನಾ?" ಅಂತ ಕೇಳಿದೆ. ಬೆಳಗ್ಗೆ ಚಾ. ಮನೆ ಕೆಲಸ ಮುಗಿದ್ಮೇಲೆ ಏನಾದ್ರೂ ಉಳಿದಿದ್ರೆ ಅದು. ಮಧ್ಯಾಹ್ನ ಅನ್ನ, ತಿಳಿ ಸಾರು. ಸಂಜೆ ಮತ್ತೆ ಚಾ, ಮಂಡಕ್ಕಿ. ರಾತ್ರಿ ಎಲ್ಲರದ್ದೂ ಊಟ ಆದ್ಮೇಲೆ ಇವಳದ್ದು. ಬಡತನ ಇರೋ ಮನೆ ಅಲ್ಲ ಅದು, ಎರಡು ಎಮ್ಮೆ ಇದಾವೆ. ಹಾಲು ಡೇರಿಗೆ ಹೋಗುತ್ತೆ.

ಅವರ ಮನೆಯಿಂದ ಐದು ನಿಮಿಷ ನಡೆದ್ರೆ ಅಂಗನವಾಡಿ. ಅಲ್ಲಿ ಮಧ್ಯಾಹ್ನ ಅವಳಿಗೋಸ್ಕರನೇ ಅನ್ನ, ತರಕಾರಿ ಸಾಂಬಾರ್, ಮೊಟ್ಟೆ, ಹಾಲು. ಪುಕ್ಕಟೆ. ಅಕ್ಕ ನಾಲ್ಕು ದಿನ ಹೋದ್ಲು. ಐದನೇ ದಿನ ಅವಳ ಅತ್ತೆ ಕೇಳಿದ್ರಂತೆ, "ನಮ್ಮನೇಲಿ ಅನ್ನ ಇಲ್ಲೇನವ್ವ? ಊರ ಮುಂದೆ ತಟ್ಟೆ ಹಿಡ್ಕೊಂಡು ಕೂರ್ತೀಯಲ್ಲ." ಅಲ್ಲಿಗೆ ಮುಗೀತು.

ಈ ಊಟದ ಯೋಜನೆ ಹೆಸರು ಮಾತೃಪೂರ್ಣ. 2017 ರ ಅಕ್ಟೋಬರ್ 2 ರಂದು ರಾಜ್ಯದಾದ್ಯಂತ ಶುರುವಾಯ್ತು. ಆ ತಾರೀಕಿಗೆ ಇನ್ನೊಂದು ನೆನಪಿದೆ. 1975 ರ ಅಕ್ಟೋಬರ್ 2 ಕ್ಕೇ ದೇಶದಲ್ಲಿ ಅಂಗನವಾಡಿ ಯೋಜನೆ ಆರಂಭ ಆಗಿದ್ದು, ಆಗ ನಮ್ಮ ರಾಜ್ಯದಲ್ಲಿ ಆಯ್ಕೆ ಆಗಿದ್ದು ಟಿ. ನರಸೀಪುರ. ಮಾತೃಪೂರ್ಣಕ್ಕೆ ಮುಂಚೆ ಬಸುರಿ, ಬಾಣಂತಿಯರಿಗೆ ರೇಷನ್ ಮನೆಗೇ ಕೊಡ್ತಿದ್ರು. ಸಮಸ್ಯೆ ಏನಪ್ಪಾ ಅಂದ್ರೆ, ಮನೆಗೆ ಹೋದ ಕಾಳು, ಬೆಲ್ಲ ಎಲ್ಲಾ ಮನೆಯವರ ಪಾಲಾಗ್ತಿತ್ತು. ಯಾರಿಗೆ ಅಂತ ಕೊಟ್ಟರೋ ಅವರ ಬಾಯಿಗೆ ಬೀಳೋದು ಒಂದು ಹಿಡಿ. ಅದಕ್ಕೇ ತಿಂಗಳಿಗೆ 25 ದಿನ, ದಿನಕ್ಕೆ ಒಂದು ಪೂರ್ತಿ ಊಟ, ಅಂಗನವಾಡಿಯಲ್ಲೇ ಕೂತು ತಿನ್ನಬೇಕು ಅಂತ ಮಾಡಿದ್ರು. ಬಸಿರಿನ ಕಾಲಕ್ಕೂ, ಹೆರಿಗೆ ಆಗಿ ಆರು ತಿಂಗಳವರೆಗೂ. ಇದು ಭಿಕ್ಷೆ ಅಲ್ಲ ಮತ್ತೆ, 2013 ರ ಆಹಾರ ಭದ್ರತಾ ಕಾಯ್ದೆ ಈ ಊಟವನ್ನ ಹಕ್ಕು ಅಂತಾನೇ ಬರೆದಿದೆ.

ಕಾಗದದ ಮೇಲೆ ಐಡಿಯಾ ಚೆನ್ನಾಗಿದೆ. ನಂಗೂ ಇಷ್ಟ. ಆದ್ರೆ "ಕೂತು ತಿನ್ನಬೇಕು" ಅನ್ನೋ ಎರಡು ಪದದಲ್ಲೇ ಎಲ್ಲಾ ತೊಡಕು ಇರೋದು.

ಕೂಲಿಗೆ ಹೋಗೋ ಹೆಂಗಸಿನ ಲೆಕ್ಕ ನೋಡಿ. ಜಗಳೂರು ಕಡೆ ಕಳೆ ತೆಗೆಯೋಕೆ ಹೋದವಳು ಮಧ್ಯಾಹ್ನ ಒಂದು ಗಂಟೆಗೆ ಊರಿಗೆ ಬಂದು ಊಟ ಮಾಡಿ ವಾಪಸ್ ಹೊಲಕ್ಕೆ ಹೋಗೋಕಾಗುತ್ತಾ? ಅರ್ಧ ದಿನದ ಕೂಲಿ ಹೋಗುತ್ತೆ. ನಮ್ಮ ಚನ್ನಗಿರಿ ಕಡೆ ಅಡಿಕೆ ಸೀಜನ್ ಬಂದ್ರೆ ಸುಲಿಯೋದು ಕೆಜಿ ಲೆಕ್ಕ. ಎದ್ದು ಹೋದಷ್ಟು ಹೊತ್ತು ದುಡ್ಡು ಇಲ್ಲ. ಚೇಣಿ ಮನೆಯಲ್ಲಿ ಚಾ ಮಾತ್ರ ಸರಿಯಾದ ಟೈಮಿಗೆ ಬರುತ್ತೆ. ಇನ್ನು ಬಾಣಂತಿ. ನಮ್ಮಲ್ಲಿ ಬಾಣಂತಿಯನ್ನ ತಿಂಗಳುಗಟ್ಟಲೆ ಹೊಸ್ತಿಲು ದಾಟಿಸಲ್ಲ, ಕಿವಿಗೆ ಹತ್ತಿ, ತಲೆಗೆ ಬಟ್ಟೆ. ಅವಳು ಅಂಗನವಾಡಿಗೆ ನಡ್ಕೊಂಡು ಬಂದು ಊಟ ಮಾಡಬೇಕಂತೆ. ಈ ರೂಲ್ ಬರೆದವರ ಮನೇಲಿ ಬಾಣಂತನ ಹೆಂಗ್ ಮಾಡ್ತಾರೋ ನಂಗೊತ್ತಿಲ್ಲ. ಆಮೇಲೆ, ಎಲ್ಲರಿಗೂ ಗೊತ್ತಿದ್ದೂ ಯಾರೂ ಬಾಯಿ ಬಿಡದ ಕಾರಣ ಒಂದಿದೆ. ಅಡುಗೆ ಯಾರು ಮಾಡಿದ್ರು, ಪಕ್ಕದಲ್ಲಿ ಯಾರು ಕೂತಿದಾರೆ. ಅದಕ್ಕೆ ಆಮೇಲೆ ಬರ್ತೀನಿ.

ನ್ಯಾಮತಿ ತಾಲ್ಲೂಕಿನ ಒಬ್ಬ ಅಂಗನವಾಡಿ ಟೀಚರ್ ಹತ್ರ ಇದನ್ನೆಲ್ಲಾ ಹೇಳ್ಕೊಂಡೆ. ಅವರು ನಕ್ಕರು. "ನೋಡಮ್ಮ, ನಾನು ಮೊದ್ಲು ಸೊಸೆಯಂದ್ರನ್ನ ಕರೀತಿದ್ದೆ. ಆಮೇಲೆ ಬುದ್ಧಿ ಬಂತು, ಅತ್ತೆಯಂದ್ರನ್ನ ಕರೆದೆ" ಅಂದ್ರು. ಪೋಷಣ್ ಅಭಿಯಾನದಲ್ಲಿ ಅಂಗನವಾಡಿಯಲ್ಲೇ ಸೀಮಂತ ಮಾಡ್ತಾರೆ, ನಮ್ಮ ಕಡೆ ಭಾಷೇಲಿ ಕುಬಸ. ಆ ದಿನ ಇವರು ಅತ್ತೆಯಂದಿರ ಕೈಯಲ್ಲೇ ಬಳೆ ತೊಡಿಸಿ, ಅರಿಶಿನ ಕುಂಕುಮ ಹಚ್ಚಿಸಿ, ಆಮೇಲೆ ಅದೇ ಅನ್ನ ಸಾಂಬಾರ್ ಅವರಿಗೂ ಬಡಿಸಿದ್ರಂತೆ. ಸರ್ಕಾರದ ಲೆಕ್ಕದಿಂದಲ್ಲ, ತಮ್ಮ ಮನೆ ಅಕ್ಕಿ ಹಾಕಿ. "ಸಾಂಬಾರ್ ನಮ್ಮನೇದಕ್ಕಿಂತ ಚಲೋ ಐತಲ್ಲ" ಅಂತ ಒಬ್ಬ ಅಜ್ಜಿ ಅಂದ್ರಂತೆ. ಮಾರನೇ ದಿನದಿಂದ ಮೂರು ಮನೆ ಸೊಸೆಯರು ಬರೋಕೆ ಶುರು ಮಾಡಿದ್ರು. ಇಬ್ಬರು ಬರಲೇ ಇಲ್ಲ. ಅವರಿಬ್ಬರದ್ದು ಆಮೇಲೆ ಹೇಳ್ತೀನಿ ಅಂದೆನಲ್ಲ, ಆ ಕಾರಣ.

ಅಕ್ಕನ ಮನೇಲಿ ಆಶಾ ಕಾರ್ಯಕರ್ತೆ ಒಂದು ಕೆಲಸ ಮಾಡಿದ್ರು. ತಾಯಿ ಕಾರ್ಡನ್ನ ಅಕ್ಕನ ಕೈಗೆ ಕೊಡದೆ ಅತ್ತೆ ಕೈಗೆ ಕೊಟ್ಟು, "ಈ ಕೆಂಪು ಸುತ್ತು ಯಾಕೆ ಹಾಕ್ಯಾರೆ ಗೊತ್ತೇನ್ರಿ?" ಅಂತ ಕೂತು ಹೇಳಿದ್ರು. ಅತ್ತೆ ಕೆಟ್ಟವರೇನಲ್ಲ. ಅವರ ಕಾಲದಲ್ಲಿ ಅವರಿಗೆ ಯಾರೂ ಹೇಳಿರಲಿಲ್ಲ. ಹೆಚ್ಚು ತಿಂದ್ರೆ ಮಗು ದಪ್ಪ ಆಗಿ ಹೆರಿಗೆ ಕಷ್ಟ ಆಗುತ್ತೆ ಅಂತ ನಂಬಿದ್ದವರು. ಕಬ್ಬಿಣದ ಮಾತ್ರೆ ನುಂಗಿದ್ರೆ ಮಗು ಕಪ್ಪಾಗುತ್ತೆ ಅಂತಾನೂ. ಕಪ್ಪಾಗೋದು ಮಗು ಅಲ್ಲ ಸ್ವಾಮಿ, ಮಲ. ಅದು ಮಾತ್ರೆಯಿಂದ ಆಗೋ ಸಹಜ ಬದಲಾವಣೆ, ಹೆದರ್ಕೊಂಡು ನಿಲ್ಲಿಸಬೇಡಿ.

ಈಗ ಲೆಕ್ಕ. "ಇಬ್ಬರಿಗಾಗುವಷ್ಟು ತಿನ್ನು" ಅಂತಾರಲ್ಲ, ಅದು ತಪ್ಪು. ಹೈದರಾಬಾದ್‌ನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020 ರಲ್ಲಿ ಕೊಟ್ಟ ಲೆಕ್ಕದಲ್ಲಿ ಬಸುರಿಗೆ ದಿನಕ್ಕೆ ಹೆಚ್ಚುವರಿ ಬೇಕಾಗೋದು ಸುಮಾರು 350 ಕ್ಯಾಲೊರಿ. ಅಂದ್ರೆ ಒಂದು ಜೋಳದ ರೊಟ್ಟಿ, ಒಂದು ಮೊಟ್ಟೆ, ಒಂದು ಲೋಟ ಹಾಲು. ಅಷ್ಟೇ. ಆದ್ರೆ ಪ್ರೋಟೀನ್ ಕೊನೆ ಮೂರು ತಿಂಗಳಲ್ಲಿ ದಿನಕ್ಕೆ 22 ಗ್ರಾಂ ಜಾಸ್ತಿ ಬೇಕು. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಒಂದು ಲೋಟ ಹಾಲಲ್ಲಿ ಸುಮಾರು 6, ಒಂದು ಹಿಡಿ ಶೇಂಗಾದಲ್ಲಿ 7. ಉಳಿದದ್ದು ಸಾರಲ್ಲಿ ಬೇಳೆ ಕಾಣೋ ಹಂಗೆ ಹಾಕಿದ್ರೆ ಬರುತ್ತೆ. ಮೊಟ್ಟೆ ತಿನ್ನದವರು ಕಾಳು, ಮೊಸರು, ಶೇಂಗಾ ಹೆಚ್ಚು ಮಾಡ್ಕೋಬೇಕು. ಸಾಧ್ಯ ಇದೆ, ಸ್ವಲ್ಪ ಗಮನ ಕೊಡಬೇಕು ಅಷ್ಟೆ.

ಇನ್ನೊಂದು, ಮಾತ್ರೆ. ನಾಲ್ಕನೇ ತಿಂಗಳಿಂದ ದಿನಾ ಒಂದು ಕಬ್ಬಿಣಾಂಶದ ಮಾತ್ರೆ, ಕನಿಷ್ಠ 180 ದಿನ, ಸರ್ಕಾರ ಉಚಿತವಾಗಿ ಕೊಡುತ್ತೆ. ನಮ್ಮ ಅಕ್ಕ ಅದನ್ನ ಚಾ ಜೊತೆ ನುಂಗ್ತಿದ್ಲು! ಚಾ, ಕಾಫಿ, ಹಾಲು ಮೂರೂ ಕಬ್ಬಿಣಾಂಶ ಒಳಗೆ ಸೇರೋಕೆ ಅಡ್ಡ ಬರುತ್ತೆ. ನಿಂಬೆಹಣ್ಣಿನ ನೀರಿನ ಜೊತೆ ತಗೊಂಡ್ರೆ ಒಳ್ಳೇದು. ಕ್ಯಾಲ್ಸಿಯಂ ಮಾತ್ರೆನೂ ಅದೇ ಹೊತ್ತಿಗೆ ತಗೋಬಾರದು, ಒಂದೆರಡು ಗಂಟೆ ಬಿಡಿ. ಅಕ್ಕನಿಗೆ ಡಾಕ್ಟರ್ ದಿನಕ್ಕೆ ಎರಡು ಬರೆದಿದ್ರು. ಅದು ಅವಳ ರಿಪೋರ್ಟ್ ನೋಡಿ ಬರೆದಿದ್ದು, ಇದನ್ನ ಕೇಳಿ ನೀವೇ ಎರಡು ನುಂಗಬೇಡಿ.

ಸರಿ, ಈಗ ಅದೇ ಮೊಟ್ಟೆ ಶಾಲೆಗೆ ಬರುತ್ತೆ. ತುಂಬಾ ಊರಲ್ಲಿ ಅಂಗನವಾಡಿನೂ ಪ್ರಾಥಮಿಕ ಶಾಲೆನೂ ಒಂದೇ ಕಾಂಪೌಂಡಲ್ಲಿ ಇರುತ್ತೆ. ಒಂದು ಕಡೆ ಅಮ್ಮ, ಒಂದು ಕಡೆ ಮಗ. ಅವತ್ತು ಅತ್ತೆ ಕೇಳಿದ ಪ್ರಶ್ನೆನ ಇಲ್ಲಿ ಮಕ್ಕಳು ತಮ್ಮ ಭಾಷೇಲಿ ಕೇಳ್ತಾರೆ.

ಸರ್ಕಾರಿ ಶಾಲೆಯ ಬಿಸಿಯೂಟದಲ್ಲಿ ಮೊಟ್ಟೆ ಶುರುವಾಗಿದ್ದು 2021 ರ ಡಿಸೆಂಬರ್‌ನಲ್ಲಿ, ಮೊದಲು ಉತ್ತರ ಕರ್ನಾಟಕದ ಕೆಲವು ಜಿಲ್ಲೆಗಳಲ್ಲಿ. ಆಗ ಕೆಲವು ಮಠಾಧೀಶರು ವಿರೋಧ ಮಾಡಿದ್ದು, ಗಂಗಾವತಿಯ ವಿದ್ಯಾರ್ಥಿನಿಯೊಬ್ಬಳು ಮೊಟ್ಟೆ ಬೇಕು ಅಂತ ಜೋರಾಗಿ ಮಾತಾಡಿದ ವಿಡಿಯೋ ಎಲ್ಲರ ಫೋನಲ್ಲೂ ಓಡಾಡಿದ್ದು ನಿಮಗೆ ನೆನಪಿರಬಹುದು. ಆಮೇಲೆ ರಾಜ್ಯಕ್ಕೆಲ್ಲಾ ಬಂತು. 2024 ರಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಲ್ಲಿ ವಾರಕ್ಕೆ ಆರು ದಿನ ಆಯ್ತು. ತಿನ್ನದವರಿಗೆ ಬಾಳೆಹಣ್ಣು. ಒಂದು ಮೊಟ್ಟೆಗೆ ಕೊಡೋದು ಆರು ರೂಪಾಯಿ. ಅದರಲ್ಲೇ ಕೊಳ್ಳೋದು, ಬೇಯಿಸೋದು, ಸುಲಿಯೋದು, ಸಾಗಿಸೋದು ಎಲ್ಲಾ. ಅಂಗಡೀಲಿ ರೇಟ್ ಏರಿದಾಗ ಹೆಡ್‌ಮೇಷ್ಟ್ರು ಜೇಬಿಂದ ಹಾಕ್ತಾರೆ. ಇದರ ಬಗ್ಗೆನೇ ಒಂದು ಎಪಿಸೋಡ್ ಮಾಡಬಹುದು.

2025 ರಲ್ಲಿ ಮಂಡ್ಯ ಜಿಲ್ಲೆಯ ಆಲಕೆರೆಯಲ್ಲಿ ಏನಾಯ್ತು ಅಂತ ಓದಿರ್ತೀರ. ಶಾಲೆ ವೀರಭದ್ರೇಶ್ವರ ದೇವಸ್ಥಾನದ ಹತ್ತಿರ ಇದೆ, ಇಲ್ಲಿ ಮೊಟ್ಟೆ ಬೇಯಿಸಬೇಡಿ ಅಂತ ಕೆಲವು ಪೋಷಕರು, ನಮ್ಮ ಮಕ್ಕಳಿಗೆ ಬೇಕೇ ಬೇಕು ಅಂತ ಇನ್ನು ಕೆಲವರು. ಕೊನೆಗೆ ಹಲವು ಮಕ್ಕಳ ಟಿಸಿ ತಗೊಂಡು ಬೇರೆ ಶಾಲೆಗೆ ಹೋದ್ರು. ಒಂದೇ ಊರು, ಎರಡು ಗುಂಪು. ಟಿವಿಯವರು ಬಂದು ಹೋದ್ಮೇಲೂ ಆ ಮಕ್ಕಳು ಅದೇ ಬೀದೀಲಿ ಆಟ ಆಡಬೇಕಲ್ಲ.

ಹೊನ್ನಾಳಿ ತಾಲ್ಲೂಕಿನ ಒಂದು ಶಾಲೇಲಿ ನನ್ನ ಫ್ರೆಂಡ್ ಅತಿಥಿ ಶಿಕ್ಷಕಿ. ಅಲ್ಲಿ ಟಿವಿ ಬರುವಷ್ಟು ದೊಡ್ಡದೇನೂ ಆಗಲಿಲ್ಲ. ಬಡಿಸೋಕೆ ಸುಲಭ ಅಂತ ಯಾರೋ ಮೊಟ್ಟೆ ತಿನ್ನೋರದ್ದು ಒಂದು ಸಾಲು, ಬಾಳೆಹಣ್ಣಿನವರದ್ದು ಒಂದು ಸಾಲು ಮಾಡಿದ್ರು. ಕೆಟ್ಟ ಉದ್ದೇಶ ಇರಲಿಲ್ಲ. ಎರಡು ವಾರದಲ್ಲಿ ಆ ಸಾಲುಗಳು ಗಟ್ಟಿ ಆದ್ವು. ಆಟದ ಟೀಮೂ ಹಂಗೇ ಆಯ್ತು. ಒಂದಿನ ಐದನೇ ಕ್ಲಾಸಿನ ಹುಡುಗ ನೀರು ಕುಡಿಯೋಕೆ ಆ ಕಡೆ ಹೋದ. ಬಾಳೆಹಣ್ಣಿನ ಸಾಲಿನವನೊಬ್ಬ, "ನಾತ ಬರ್ತಿದೆ, ಈ ಕಡೆ ಬರಬೇಡ" ಅಂದು ಜಾತಿ ಎತ್ತಿ ಒಂದು ಮಾತು ಆಡಿದ. ಇವನು ಸ್ಟೀಲ್ ತಟ್ಟೆ ಬೀಸಿದ. ಅವನ ಹಣೆಗೆ ಎರಡು ಹೊಲಿಗೆ ಬಿತ್ತು.

ಅವತ್ತು ಸಂಜೆ ಇಬ್ಬರನ್ನೂ ನಿಲ್ಲಿಸಿ, "ಕೈ ಕುಲುಕ್ರಿ, ಸಾರಿ ಕೇಳ್ರಿ" ಅಂದ್ರಂತೆ. ನಾವೆಲ್ಲಾ ನೋಡಿರೋದೇ. ಕುಲುಕಿದ್ರು. ಮಾರನೇ ದಿನ ಗೇಟಿನ ಮುಂದೆ ಎರಡೂ ಕಡೆ ಗಂಡಸರು. ಒಂದು ಗುಂಪು ಶಾಲೇಲಿ ಮೊಟ್ಟೆನೇ ನಿಲ್ಲಿಸಿ ಅಂತ. ಇನ್ನೊಂದು ಗುಂಪು, ನಮ್ಮ ಹುಡುಗನಿಗೆ ಅಂದ ಮಾತಿಗೆ ಏನ್ ಮಾಡ್ತೀರಿ ಅಂತ. ಎರಡನೇ ಪ್ರಶ್ನೆಗೆ ಮೊದಲು ಉತ್ತರ ಕೊಡಬೇಕಿತ್ತು, ನನ್ನ ಪ್ರಕಾರ. ಯಾಕಂದ್ರೆ ಹಣೆಯ ಗಾಯ ಎಲ್ಲರಿಗೂ ಕಾಣುತ್ತೆ, ಆ ಮಾತಿನ ಗಾಯ ಕಾಣಲ್ಲ, ಕಾಣದೇ ಇರೋದನ್ನ "ಮಕ್ಕಳ ಜಗಳ ಬಿಡ್ರಿ" ಅಂತ ಮುಚ್ಚಿಬಿಡ್ತೀವಿ.

ನನ್ನ ಫ್ರೆಂಡ್ ಆ ಎರಡು ಹುಡುಗರನ್ನ ಬೇರೆ ಬೇರೆ ಕೂರಿಸಿ, ಏನಾಯ್ತು ಅಂತ ಅವರ ಮಾತಲ್ಲೇ ಹೇಳಿಸಿ ಬರ್ಕೊಂಡ್ಲು. ನೋಡಿದ ಮಕ್ಕಳ ಹತ್ರನೂ ಕೇಳಿದ್ಲು. ಆಗ ಗೊತ್ತಾಯ್ತು, ಆ ಮಾತು ಅವತ್ತೇ ಮೊದಲಲ್ಲ, ಹತ್ತು ದಿನದಿಂದ ನಡೀತಿತ್ತು. ಹೊಡೆದಿದ್ದು ತಪ್ಪು ಅಂತ ಹೊಡೆದವನು ಒಪ್ಪಿದ. ಅಂದವನು ಮಾತ್ರ, "ಮನೇಲಿ ಎಲ್ಲರೂ ಹಂಗೇ ಅಂತಾರಲ್ಲ ಮಿಸ್" ಅಂದ. ಹತ್ತು ವರ್ಷದ ಹುಡುಗ. ಅವಳಿಗೆ ಏನು ಹೇಳಬೇಕೋ ಗೊತ್ತಾಗಲಿಲ್ಲವಂತೆ.

ಆಮೇಲೆ ಎಸ್‌ಡಿಎಂಸಿ ಸಭೆ. ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಶಾಲಾ ಸಮಿತಿಯಲ್ಲಿ ಮುಕ್ಕಾಲು ಭಾಗ ಪೋಷಕರಿರಬೇಕು, ಅರ್ಧದಷ್ಟು ಹೆಂಗಸರಿರಬೇಕು. ನಡೆಯೋದು ಹೆಂಗೆ ಅಂದ್ರೆ ಹೆಂಗಸರ ಸಹಿ ಮನೆಗೆ ಹೋಗಿ ಹಾಕಿಸ್ಕೊಂಡು ಬರ್ತಾರೆ. ಈ ಸಲ ಹೆಡ್‌ಮೇಷ್ಟ್ರು ಒಂದು ಒಳ್ಳೇ ಕೆಲಸ ಮಾಡಿದ್ರು. ಸಭೆಯನ್ನ ಶಾಲೆ ಬಿಡೋ ಹೊತ್ತಿಗೆ ಇಟ್ರು, ಮಕ್ಕಳನ್ನ ಕರ್ಕೊಂಡು ಹೋಗೋಕೆ ಅಮ್ಮಂದಿರು ಹೆಂಗೂ ಬಂದಿರ್ತಾರೆ ಅಂತ. ಗೇಟಿನ ಹತ್ರ ಕೂಗಾಡಿದವರಲ್ಲಿ ಅರ್ಧ ಜನ ಬರಲಿಲ್ಲ. ಅಮ್ಮಂದಿರು ಬಂದ್ರು.

ಸಭೆಯಲ್ಲಿ "ಮೊಟ್ಟೆ ಬೇಕಾ ಬೇಡ್ವಾ" ಅಂತ ಕೇಳಲೇ ಇಲ್ಲ. ಅದು ಸರ್ಕಾರದ ಆದೇಶ, ಓಟ್ ಹಾಕೋ ವಿಷಯ ಅಲ್ಲ. ಕೇಳಿದ್ದು ಬೇರೆ: ನಿಮ್ಮ ಮಗು ಏನು ತಿನ್ನಬೇಕು, ಬರೆದು ಕೊಡಿ. ಮೊಟ್ಟೆ ಬೇಯಿಸೋ ಪಾತ್ರೆ ಬೇರೆ ಇರಲಿ ಅಂತ ಒಬ್ಬರು ಕೇಳಿದ್ರು, ಒಪ್ಪಿದ್ರು. ಅಡುಗೆ ಅಕ್ಕನನ್ನ ಬದಲಾಯಿಸಿ ಅಂತ ಮೆಲ್ಲಗೆ ಒಂದು ದನಿ ಬಂತು. ಹೆಡ್‌ಮೇಷ್ಟ್ರು ಒಂದೇ ಮಾತಲ್ಲಿ "ಅದು ಆಗಲ್ಲ" ಅಂದ್ರು. ಎರಡು ಸಾಲು ರದ್ದು, ಇನ್ನು ಹಾಜರಿ ಪುಸ್ತಕದ ಕ್ರಮದಲ್ಲಿ ಒಂದೇ ಸಾಲು, ತಟ್ಟೇಲಿ ಏನಾದ್ರೂ ಇರಲಿ. ಆ ಹುಡುಗ ಆಡಿದ ಮಾತಿನ ಬಗ್ಗೆ ಅವನ ಅಪ್ಪ ಅಮ್ಮನನ್ನ ಬೇರೆಯಾಗಿ ಕೂರಿಸಿ ಮಾತಾಡಿದ್ರು, ನಡಾವಳಿ ಪುಸ್ತಕದಲ್ಲಿ ಬರೆದ್ರು. ಹೊಡೆದವನ ಅಪ್ಪ ಹೊಲಿಗೆಯ ಖರ್ಚು ಕೊಡೋಕೆ ಬಂದಾಗ ಆ ಕಡೆಯವರು ಬೇಡ ಅಂದ್ರಂತೆ.

ಎಲ್ಲಾ ಸರಿಹೋಯ್ತು ಅಂತ ಹೇಳಲ್ಲ. ಒಂದು ಮನೆಯವರು ಮಗಳನ್ನ ಹೊನ್ನಾಳಿಯ ಖಾಸಗಿ ಶಾಲೆಗೆ ಹಾಕಿದ್ರು. ಒಂದೇ ಸಾಲಲ್ಲೂ ಕೆಲವರು ಒಂದು ಗೇಣು ಜಾಗ ಬಿಟ್ಟೇ ಕೂರ್ತಾರೆ.

ಇನ್ನೊಂದು ವಿಷಯ ಇದೆ, ಹೇಳಬೇಕೋ ಬೇಡ್ವೋ ಅಂತ ಎರಡು ದಿನ ಯೋಚಿಸಿದೆ. ಅದೇ ಕಾಂಪೌಂಡಿನ ಅಂಗನವಾಡಿ ಸಹಾಯಕಿ ನನ್ನ ಫ್ರೆಂಡಿಗೆ ಹೇಳಿದ್ದು. ಮೊಟ್ಟೆ ನಿಲ್ಲಿಸಿ ಅಂತ ಗೇಟಿನ ಮುಂದೆ ನಿಂತಿದ್ದ ಮನೆಗಳಲ್ಲಿ ಒಂದು ಮನೆ ಸೊಸೆ ಏಳು ತಿಂಗಳ ಬಸುರಿ. ಡಾಕ್ಟರ್ ಮೊಟ್ಟೆ ತಿನ್ನಿ ಅಂದಿದ್ರಂತೆ. ಅವಳು ದಿನಾ ಮಧ್ಯಾಹ್ನ ಬರ್ತಾಳೆ, ಎಲ್ಲರ ಜೊತೆ ಕೂರಲ್ಲ. ಅಡುಗೆ ಕೋಣೆಯ ಬಾಗಿಲ ಹಿಂದೆ ನಿಂತು, ಗೋಡೆ ಕಡೆ ಮುಖ ಮಾಡಿ ಮೊಟ್ಟೆ ತಿಂದು, ಬಾಯಿ ತೊಳ್ಕೊಂಡು, ಒಂದು ಏಲಕ್ಕಿ ಹಾಕ್ಕೊಂಡು ಹೋಗ್ತಾಳೆ. ಸಭೆ ದಿನ ಆ ಮನೆಯವರು ಮಾತಾಡ್ತಿದ್ದಾಗ ಸಹಾಯಕಿಯೂ ಅಲ್ಲೇ ಇದ್ರು, ನನ್ನ ಫ್ರೆಂಡೂ ಇದ್ಲು. ಒಂದು ಮಾತು ಹೇಳಿದ್ರೆ ವಾದದಲ್ಲಿ ಗೆದ್ದುಬಿಡಬಹುದಿತ್ತು. ಇಬ್ಬರೂ ಸುಮ್ಮನಿದ್ರು. ಗೆದ್ದಿದ್ರೆ ಮಾರನೇ ದಿನದಿಂದ ಅವಳು ಬರ್ತಿರಲಿಲ್ಲ. ಈಗಲೂ ಬರ್ತಾಳೆ. ಬಾಗಿಲ ಹಿಂದೆ ಈಗ ಒಂದು ಸ್ಟೂಲ್ ಇಟ್ಟಿದಾರಂತೆ.

ನಮ್ಮ ಅಕ್ಕನ ವಿಷಯಕ್ಕೆ ಬಂದ್ರೆ, ಎಂಟನೇ ತಿಂಗಳಲ್ಲಿ ಎಚ್‌ಬಿ 10.3 ಬಂತು. 11 ಆಗಲಿಲ್ಲ, ಆದ್ರೆ ಕೆಂಪು ಸುತ್ತು ಹೋಯ್ತು. ಡೇರಿಗೆ ಹೋಗೋ ಹಾಲಲ್ಲಿ ಅರ್ಧ ಲೀಟರ್ ಮನೇಲಿ ಉಳಿಯುತ್ತೆ. ಅತ್ತೆನೇ ಅವಳನ್ನ ಅಂಗನವಾಡಿವರೆಗೂ ಕರ್ಕೊಂಡು ಹೋಗಿ, ಕಟ್ಟೆ ಮೇಲೆ ಕೂತು, ಊಟ ಆಗೋವರೆಗೂ ಕಾಯ್ತಾರೆ. "ನೀವೂ ಉಣ್ರಿ ಯಮ್ಮ" ಅಂತ ಟೀಚರ್ ಕರೆದ್ರೆ ಮಾತ್ರ, "ನಮ್ಮನೇಲಿ ಐತವ್ವ" ಅಂತಾರಂತೆ. ಅದೊಂದನ್ನ ಬಿಟ್ಟಿಲ್ಲ.

ನಿಮ್ಮೂರ ಅಂಗನವಾಡೀಲಿ, ಶಾಲೇಲಿ ಊಟಕ್ಕೆ ಹೆಂಗ್ ಕೂರಿಸ್ತಾರೆ? ಒಂದು ಸಾಲೋ ಎರಡೋ? ಬಸುರಿ ಹೆಂಗಸರು ಬರ್ತಾರಾ? ವಾಯ್ಸ್ ನೋಟ್ ಕಳಿಸಿ, ಹೆಸರು ಹೇಳಬೇಡಿ, ತಾಲ್ಲೂಕು ಸಾಕು. ಮುಂದಿನ ವಾರ ಆ ಆರು ರೂಪಾಯಿಯ ಲೆಕ್ಕ, ಹೆಡ್‌ಮೇಷ್ಟ್ರ ಜೇಬಿನ ಕಡೆಯಿಂದ.